1990ರ ದಶಕದ ವೃತ್ತಿಪರ ಕುಸ್ತಿ: ಯಾವ ಪಂದ್ಯವನ್ನು ಮೊದಲು ನೋಡಬೇಕು?

ಕರ್ನಾಟಕದ ಪಟ್ಟಣಗಳಲ್ಲಿ 1990ರ ದಶಕದಲ್ಲಿ ಬೆಳೆದ ಅನೇಕ ಮಕ್ಕಳಿಗೆ ಅಮೆರಿಕದ ವೃತ್ತಿಪರ ಕುಸ್ತಿ ಪರಿಚಯವಾದದ್ದು ಕೇಬಲ್ ಟಿವಿಯಿಂದ ಎಷ್ಟೋ, ಡಬ್ಲ್ಯೂಡಬ್ಲ್ಯೂಎಫ್ (ಇಂದಿನ ಡಬ್ಲ್ಯೂಡಬ್ಲ್ಯೂಇ) ಎಂಬ ಕುಸ್ತಿ ಸಂಸ್ಥೆಯ ಕಾರ್ಡುಗಳಿಂದಲೂ ಅಷ್ಟೇ. ಎತ್ತರ, ತೂಕ, ಎದೆಯ ಸುತ್ತಳತೆ, ರ‍್ಯಾಂಕ್ ಎಂದು ಅಂಕಿಗಳನ್ನು ಅಚ್ಚುಹಾಕಿದ್ದ ಆ ಕಾರ್ಡುಗಳನ್ನು ಹಿಡಿದು ಜಗಳವಾಡಿದವರು ಈಗ ನಡುವಯಸ್ಸಿಗೆ ಬಂದಿದ್ದಾರೆ. ಅವರಲ್ಲಿ ಕೆಲವರಿಗಾದರೂ ಆ ಕಾಲದ ಪಂದ್ಯಗಳನ್ನು ಮತ್ತೊಮ್ಮೆ ಹುಡುಕಿ ನೋಡುವ ಆಸೆ ಇರುತ್ತದೆ. ‘ಸಾರ್ವಕಾಲಿಕ ಶ್ರೇಷ್ಠ ಹತ್ತು’ ಎಂಬಂಥ ಪಟ್ಟಿಗಳಿಗೆ ಬರವಿಲ್ಲ. ಆದರೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುವ ಆ ಪಟ್ಟಿಗಳು ಯಾವ ಪಂದ್ಯ ಯಾರಿಗೆ, ಯಾವುದಾದ ಮೇಲೆ ಯಾವುದು ಎಂಬುದನ್ನು ಹೇಳುವುದಿಲ್ಲ. ಈ ಬರಹ ಅದಕ್ಕಾಗಿ.

‘ಪ್ರಭಾವಶಾಲಿ’ ಎಂಬ ಮಾತನ್ನು ಇಲ್ಲಿ ನಿರ್ದಿಷ್ಟ ಅರ್ಥದಲ್ಲಿ ಬಳಸಿದ್ದೇನೆ. ಪಂದ್ಯ ಚೆನ್ನಾಗಿತ್ತೇ ಎಂಬುದು ಒಂದು ಪ್ರಶ್ನೆ. ಅದಾದ ಮೇಲೆ ಬಂದ ಪಂದ್ಯಗಳು ಅದರಿಂದ ಏನನ್ನು ಎತ್ತಿಕೊಂಡವು ಎಂಬುದು ಬೇರೆಯೇ ಪ್ರಶ್ನೆ. ಸಾಧಾರಣ ಪಂದ್ಯವೊಂದು ಇಡೀ ಉದ್ಯಮದ ದಿಕ್ಕನ್ನು ತಿರುಗಿಸಿದ ಉದಾಹರಣೆ ಈ ದಶಕದಲ್ಲೇ ಇದೆ. ಇವೆರಡರ ಜೊತೆಗೆ ಮೂರನೆಯದೊಂದನ್ನೂ ಕೇಳಿಕೊಳ್ಳುವುದು ಉಪಯುಕ್ತ: ನಕಲು ಮಾಡಿದವರು ಏನನ್ನು ಅಲ್ಲೇ ಬಿಟ್ಟುಬಂದರು? ನಾನು ಗಮನಿಸಿದ ಮಟ್ಟಿಗೆ, ಕಣ್ಣಿಗೆ ಕಂಡದ್ದನ್ನು ಎತ್ತಿಕೊಂಡು, ಅದಕ್ಕೆ ಆಧಾರವಾಗಿದ್ದ ಕಾರಣವನ್ನು ಬಿಟ್ಟವರೇ ಹೆಚ್ಚು. ಆದ್ದರಿಂದ ನಕಲುಗಳನ್ನು ನೋಡಿ ಬೇಸತ್ತವರೂ ಮೂಲವನ್ನು ಒಮ್ಮೆ ನೋಡಬೇಕು.

ಫಲಿತಾಂಶ ಮೊದಲೇ ನಿಗದಿಯಾಗಿರುವ ಆಟದಲ್ಲಿ ಹೋಲಿಸುವುದಕ್ಕೆ ಏನಿದೆ ಎಂದು ಗರಡಿಮನೆಯ ಕುಸ್ತಿಯನ್ನು ಬಲ್ಲವರು ಕೇಳಬಹುದು. ದಸರಾ ಕುಸ್ತಿಯಲ್ಲಿ ಯಾರು ಚಿತ್ ಆಗುತ್ತಾರೆಂಬುದು ಮಟ್ಟಿಯ ಮೇಲೆಯೇ ತೀರ್ಮಾನವಾಗುತ್ತದೆ, ಇಲ್ಲಿ ಹಾಗಿಲ್ಲ ಎಂಬುದು ನಿಜ. ಆದರೆ ಗದಾಯುದ್ಧದ ಪ್ರಸಂಗದಲ್ಲಿ ಕೌರವನ ತೊಡೆ ಮುರಿಯುತ್ತದೆ ಎಂಬುದನ್ನು ತಿಳಿದೂ ನಮ್ಮವರು ಬೆಳಗಿನವರೆಗೆ ಬಯಲಿನಲ್ಲಿ ಕುಳಿತಿರುತ್ತಾರಲ್ಲ, ಈ ಪಂದ್ಯಗಳನ್ನು ನೋಡುವ ಕಣ್ಣು ಅದು. ಗೆದ್ದವರು ಯಾರೆಂಬುದನ್ನು ಈ ಬರಹದಲ್ಲಿ ಮುಚ್ಚಿಡದಿರುವುದಕ್ಕೂ ಅದೇ ಕಾರಣ.

ಏಣಿ ಮತ್ತು ಪಂಜರ

ಮೊದಲು ಹೋಲಿಸಬೇಕಾದವು ಹೆಚ್ಚಿನವರು ಹೆಸರು ಕೇಳಿರುವ ಎರಡು ಪಂದ್ಯಗಳು. ಒಂದು, 1994ರ ಮಾರ್ಚ್ 20ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ, ಡಬ್ಲ್ಯೂಡಬ್ಲ್ಯೂಎಫ್‌ನ ವರ್ಷದ ಅತಿ ದೊಡ್ಡ ಕಾರ್ಯಕ್ರಮವಾದ ರೆಸಲ್‌ಮೇನಿಯಾದ ಹತ್ತನೆಯ ಆವೃತ್ತಿಯಲ್ಲಿ ರೇಜರ್ ರಮೋನ್ ಮತ್ತು ಶಾನ್ ಮೈಕಲ್ಸ್ ಆಡಿದ ಏಣಿಯ ಪಂದ್ಯ. ಇನ್ನೊಂದು, 1998ರ ಜೂನ್ 28ರಂದು ಪಿಟ್ಸ್‌ಬರ್ಗ್‌ನಲ್ಲಿ ‘ಕಿಂಗ್ ಆಫ್ ದ ರಿಂಗ್’ ಕಾರ್ಯಕ್ರಮದಲ್ಲಿ ಅಂಡರ್‌ಟೇಕರ್ ಮತ್ತು ಮ್ಯಾನ್‌ಕೈಂಡ್ ನಡುವೆ ನಡೆದ ‘ಹೆಲ್ ಇನ್ ಎ ಸೆಲ್’, ಅಂದರೆ ಚಾವಣಿಯೂ ಇರುವ ತಂತಿಜಾಲರಿಯ ಪಂಜರದ ಪಂದ್ಯ. ಎರಡೂ ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಅವಧಿಯವು. ಎರಡರಲ್ಲೂ ಎತ್ತರದಿಂದ ಬೀಳುವುದಿದೆ. ಎರಡನ್ನೂ ಮುಂದಿನವರು ಯಥೇಚ್ಛವಾಗಿ ಅನುಕರಿಸಿದರು. ಸಾಮ್ಯ ಅಷ್ಟಕ್ಕೆ ಮುಗಿಯುತ್ತದೆ.

ಏಣಿಯ ಪಂದ್ಯದ ಹಿಂದೆ ಮಗುವಿಗೂ ಅರ್ಥವಾಗುವ ಒಂದು ತಕರಾರಿತ್ತು. ಇಂಟರ್‌ಕಾಂಟಿನೆಂಟಲ್ ಪಟ್ಟ ಮೈಕಲ್ಸ್ ಬಳಿ ಇತ್ತು; 1993ರಲ್ಲಿ ಸಂಸ್ಥೆ ಅವರನ್ನು ಹೊರಗಿಟ್ಟಾಗ ಪಟ್ಟ ಕೈತಪ್ಪಿ, ಖಾಲಿಯಾದ ಸ್ಥಾನವನ್ನು ರಮೋನ್ ಗೆದ್ದರು. ಮರಳಿ ಬಂದ ಮೈಕಲ್ಸ್ ತಮ್ಮ ಹಳೆಯ ಬೆಲ್ಟನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದರು. ತನ್ನನ್ನು ಯಾರೂ ಸೋಲಿಸಿಲ್ಲ, ಆದ್ದರಿಂದ ಪಟ್ಟ ತನ್ನದೇ ಎಂಬುದು ಅವರ ವಾದ. ಆ ಎರಡೂ ಬೆಲ್ಟುಗಳನ್ನು ರಿಂಗಿನ ಮೇಲೆ ತೂಗುಹಾಕಿ, ಏಣಿ ಹತ್ತಿ ಇಳಿಸಿಕೊಂಡವನೇ ನಿಜವಾದ ಚಾಂಪಿಯನ್ ಎಂದಾಗ, ಏಣಿ ಬರಿಯ ಸರ್ಕಸ್ಸಿನ ಸಾಮಾನಾಗಿ ಉಳಿಯದೆ ವ್ಯಾಜ್ಯ ತೀರಿಸುವ ಸಾಧನವಾಯಿತು. ಏಣಿಯ ಪಂದ್ಯ ಅದೇ ಮೊದಲಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ ಅದು 1970ರ ದಶಕದಿಂದಲೇ ಇತ್ತು, ಬ್ರೆಟ್ ಹಾರ್ಟ್ ಮತ್ತು ಮೈಕಲ್ಸ್ 1992ರಲ್ಲಿ ಅಂಥದ್ದೊಂದನ್ನು ಆಡಿಯೂ ಇದ್ದರು. ಆದರೆ ಜಗತ್ತಿಗೆ ಅದನ್ನು ಪರಿಚಯಿಸಿದ್ದು ಈ ರಾತ್ರಿ. ಕೊನೆಯಲ್ಲಿ ಮೈಕಲ್ಸ್ ಹಗ್ಗಗಳಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿರುವಾಗ ರಮೋನ್ ಮೆಲ್ಲಗೆ ಮೆಟ್ಟಿಲೇರುತ್ತಾರೆ. ಆ ನಿಧಾನದಲ್ಲಿ ಇಡೀ ಪಂದ್ಯದ ಜೀವವಿದೆ.

ಇದರಿಂದ ಮುಂದಿನವರು ಎತ್ತಿಕೊಂಡದ್ದು ಏಣಿಯನ್ನು. 2000ದ ರೆಸಲ್‌ಮೇನಿಯಾದಲ್ಲಿ ಮೂರು ಜೋಡಿಗಳು ಏಣಿಗಳ ಜೊತೆಗೆ ಮೇಜುಗಳನ್ನೂ ತಂದವು. ಅದೇ ವರ್ಷ ಕುರ್ಚಿಗಳೂ ಸೇರಿ ‘ಟಿಎಲ್‌ಸಿ’ ಎಂಬ ಹೊಸ ಬಗೆಯೇ ಹುಟ್ಟಿತು. 2005ರಿಂದ ‘ಮನಿ ಇನ್ ದ ಬ್ಯಾಂಕ್’ ಎಂಬ ಏಣಿಯ ಪಂದ್ಯ ಪ್ರತಿವರ್ಷದ ಪದ್ಧತಿಯಾಯಿತು. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಏಣಿಗಳು ಹೆಚ್ಚಿದಂತೆಲ್ಲ ಒಂದೊಂದು ಮೆಟ್ಟಿಲಿನ ಬೆಲೆ ಇಳಿಯಿತು ಎಂಬುದು ನನ್ನ ಎಣಿಕೆ.

ಪಂಜರದ ಪಂದ್ಯದ ಲೆಕ್ಕವೇ ಬೇರೆ. ಮ್ಯಾನ್‌ಕೈಂಡ್ ಪಾತ್ರಧಾರಿ ಮಿಕ್ ಫೋಲಿ ಮತ್ತು ಅಂಡರ್‌ಟೇಕರ್ ಇಬ್ಬರೂ ಪಂಜರದ ಚಾವಣಿಯ ಮೇಲೆಯೇ ಪಂದ್ಯ ಆರಂಭಿಸಿದರು. ಕೆಲವೇ ಕ್ಷಣಗಳಲ್ಲಿ ಫೋಲಿ ಸುಮಾರು 16 ಅಡಿ ಎತ್ತರದಿಂದ ವೀಕ್ಷಕ ವಿವರಣೆಕಾರರ ಮೇಜಿನ ಮೇಲೆ ಬಿದ್ದರು. ಅವರನ್ನು ಸ್ಟ್ರೆಚರಿನಲ್ಲಿ ಸಾಗಿಸುತ್ತಿರುವಾಗ ಎದ್ದು ಬಂದು ಮತ್ತೆ ಪಂಜರ ಹತ್ತಿದರು. ಎರಡನೆಯ ಸಲ ಚಾವಣಿಯ ಜಾಲರಿಯೇ ಕಳಚಿಕೊಂಡು ಅವರು ರಿಂಗಿನೊಳಕ್ಕೆ ಬಿದ್ದದ್ದು ಯೋಜನೆಯಲ್ಲಿ ಇರಲಿಲ್ಲ. ಜೊತೆಗೆ ಬಿದ್ದ ಕುರ್ಚಿ ಮುಖಕ್ಕೆ ಬಡಿಯಿತು. ಆಮೇಲೂ ಪಂದ್ಯ ಮುಂದುವರಿಯಿತು, ಕಾಗದ ಚುಚ್ಚುವ ಪಿನ್ನುಮೊಳೆಗಳನ್ನು ಚೆಲ್ಲಿ ಅವುಗಳ ಮೇಲೆ ಬೀಳುವುದೂ ಆಯಿತು, ಕೊನೆಗೆ ಅಂಡರ್‌ಟೇಕರ್ ಗೆದ್ದರು. ಇಷ್ಟನ್ನು ಓದಿದವರಿಗೆ ಪಂದ್ಯದ ಬಹುಭಾಗ ಗೊತ್ತಾದಂತೆಯೇ ಸರಿ, ಏಕೆಂದರೆ ಆ ಎರಡು ಬೀಳುವಿಕೆಗಳ ನಡುವೆ ಕುಸ್ತಿ ಎನ್ನುವಂಥದ್ದು ಹೆಚ್ಚೇನೂ ಇಲ್ಲ. ಇಂಥದ್ದನ್ನು ಇನ್ನೊಮ್ಮೆ ಮಾಡಬಾರದೆಂದು ಸಂಸ್ಥೆಯ ಒಡೆಯ ವಿನ್ಸ್ ಮೆಕ್‌ಮಹೊನ್ ಆ ರಾತ್ರಿಯೇ ತನ್ನಿಂದ ಮಾತು ಕೇಳಿದರೆಂದು ಫೋಲಿ ಬರೆದುಕೊಂಡಿದ್ದಾರೆ. ಆದರೂ ಆ ಬೀಳುವಿಕೆ ಒಂದು ಅಳತೆಗೋಲಾಗಿ ಉಳಿದು, ಮುಂದಿನವರು ಅದನ್ನು ದಾಟಲು ಹೊರಟರು.

ಪಂಜರದ ಪಂದ್ಯವನ್ನು ಪಂದ್ಯವಾಗಿಯೇ ನೋಡಬಯಸುವವರು ಇದರ ಬದಲು ಇದೇ ಬಗೆಯ ಮೊದಲನೆಯದನ್ನು ಆರಿಸಿಕೊಳ್ಳಬೇಕು. 1997ರ ಅಕ್ಟೋಬರ್ 5ರಂದು ಸೇಂಟ್ ಲೂಯಿಸ್‌ನಲ್ಲಿ ನಡೆದ ಅಂಡರ್‌ಟೇಕರ್ ಮತ್ತು ಶಾನ್ ಮೈಕಲ್ಸ್ ಪಂದ್ಯ ಅದು. ತಿಂಗಳುಗಳಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದ ಮೈಕಲ್ಸ್‌ಗೆ ಅಲ್ಲಿ ಓಡಲು ದಾರಿಯಿಲ್ಲ. ಪಂಜರ ಏಕೆ ಬೇಕಿತ್ತು ಎಂಬುದು ಮೊದಲ ನಿಮಿಷದಲ್ಲೇ ಮನದಟ್ಟಾಗುತ್ತದೆ. ಕೇನ್ ಎಂಬ ಪಾತ್ರ ಮೊದಲ ಬಾರಿಗೆ ಕಾಣಿಸಿಕೊಂಡು ಪಂಜರದ ಬಾಗಿಲನ್ನು ಕಿತ್ತೊಗೆದದ್ದೂ ಆ ರಾತ್ರಿಯೇ. 1998ರದ್ದು ಹೆಚ್ಚು ಪ್ರಸಿದ್ಧ, 1997ರದ್ದು ಹೆಚ್ಚು ಒಳ್ಳೆಯದು. ಮನೆಯಲ್ಲಿ ಚಿಕ್ಕ ಮಕ್ಕಳ ಜೊತೆ ನೋಡುವುದಾದರೆ ಈ ಎರಡನ್ನೂ ಬಿಟ್ಟು ಏಣಿಯ ಪಂದ್ಯವನ್ನು ಹಾಕಿಕೊಳ್ಳುವುದು ಲೇಸು.

ನಾಯಕ ಖಳನಾದ ರಾತ್ರಿಗಳು

ಉದ್ಯಮದ ವ್ಯಾಪಾರವನ್ನು ಬದಲಿಸಿದ ಪಂದ್ಯ ಯಾವುದೆಂದು ಕೇಳಿದರೆ ಉತ್ತರ 1996ರ ಜುಲೈ 7ರಂದು ಫ್ಲೋರಿಡಾದ ಡೇಟೋನಾ ಬೀಚ್‌ನಲ್ಲಿ ನಡೆದ ‘ಬ್ಯಾಷ್ ಅಟ್ ದ ಬೀಚ್’ನಲ್ಲಿದೆ. ಡಬ್ಲ್ಯೂಡಬ್ಲ್ಯೂಎಫ್‌ನಿಂದ ಅದರ ಪ್ರತಿಸ್ಪರ್ಧಿ ಸಂಸ್ಥೆಯಾದ ಡಬ್ಲ್ಯೂಸಿಡಬ್ಲ್ಯೂಗೆ ಬಂದ ಸ್ಕಾಟ್ ಹಾಲ್ ಮತ್ತು ಕೆವಿನ್ ನ್ಯಾಶ್ ತಮ್ಮ ಮೂರನೆಯ ಜೊತೆಗಾರ ಯಾರೆಂಬುದನ್ನು ಗುಟ್ಟಾಗಿಟ್ಟಿದ್ದರು. ಏಣಿಯ ಪಂದ್ಯದ ರೇಜರ್ ರಮೋನ್ ಎಂದರೆ ಇದೇ ಹಾಲ್. ಪಂದ್ಯದ ಕೊನೆಯಲ್ಲಿ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳ ಕಣ್ಮಣಿಯಾಗಿದ್ದ ಹಲ್ಕ್ ಹೋಗನ್ ರಕ್ಷಿಸಲು ಬಂದವರಂತೆ ಬಂದು, ನೆಲಕ್ಕೆ ಬಿದ್ದಿದ್ದ ಹಾಲ್-ನ್ಯಾಶ್ ಎದುರಾಳಿ ರ‍್ಯಾಂಡಿ ಸ್ಯಾವೇಜ್ ಮೇಲೆಯೇ ಎರಗಿದರು. ಪ್ರೇಕ್ಷಕರು ಕೈಗೆ ಸಿಕ್ಕ ಕಸವನ್ನೆಲ್ಲ ರಿಂಗಿಗೆ ಎಸೆದರು. ಅಲ್ಲಿಂದ ಹುಟ್ಟಿದ ‘ಎನ್‌ಡಬ್ಲ್ಯೂಒ’ ಗುಂಪಿನ ಬಲದಿಂದ ಡಬ್ಲ್ಯೂಸಿಡಬ್ಲ್ಯೂನ ಸೋಮವಾರದ ಕಾರ್ಯಕ್ರಮ ಎಂಬತ್ತಕ್ಕೂ ಹೆಚ್ಚು ವಾರ ಸತತವಾಗಿ ಎದುರಾಳಿಯನ್ನು ಹಿಂದಿಕ್ಕಿತು. ಆದರೆ ಪಂದ್ಯ ಮಾತ್ರ ಸಪ್ಪೆ. ಕೊನೆಯ ಹತ್ತು ನಿಮಿಷ ಮತ್ತು ಅದರ ನಂತರ ಹೋಗನ್ ಆಡಿದ ಮಾತುಗಳನ್ನು ನೋಡಿದರೆ ಸಾಕು, ಉಳಿದದ್ದಕ್ಕೆ ಸಮಯ ಕೊಡಬೇಕಾಗಿಲ್ಲ.

ಇದರ ಎದುರಿಗೆ ಇಡಬೇಕಾದದ್ದು 1997ರ ಮಾರ್ಚ್ 23ರಂದು ಷಿಕಾಗೋ ಬಳಿಯ ರೋಸ್‌ಮಾಂಟ್‌ನಲ್ಲಿ, ಹದಿಮೂರನೆಯ ರೆಸಲ್‌ಮೇನಿಯಾದಲ್ಲಿ ನಡೆದ ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್ ಪಂದ್ಯ. ಈ ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಸೂಚಿಸಬೇಕೆಂದರೆ ನಾನು ಇದನ್ನೇ ಸೂಚಿಸುತ್ತೇನೆ. ಎದುರಾಳಿ ತಾನಾಗಿ ಸೋಲೊಪ್ಪಿಕೊಂಡರೆ ಮಾತ್ರ ಗೆಲುವು ಎಂಬುದು ಪಂದ್ಯದ ಕಟ್ಟಳೆ. ತೀರ್ಪುಗಾರರಾಗಿ ಬಂದವರು ಕೆನ್ ಶ್ಯಾಮ್‌ರಾಕ್. ಪಂದ್ಯ ಶುರುವಾದಾಗ ಹಾರ್ಟ್ ನಾಯಕ, ಆಸ್ಟಿನ್ ಖಳ. ಆದರೆ ತಿಂಗಳುಗಳಿಂದ ತನಗೆ ಅನ್ಯಾಯವಾಗಿದೆಯೆಂದು ದೂರುತ್ತಲೇ ಇದ್ದ ಹಾರ್ಟ್ ಬಗ್ಗೆ ಜನರಿಗೆ ಬೇಸರ ಬಂದಿತ್ತು, ಯಾರಿಗೂ ತಲೆಬಾಗದ ಆಸ್ಟಿನ್ ಅವರಿಗೆ ಹಿಡಿಸತೊಡಗಿದ್ದರು. ಪಂದ್ಯ ಈ ಜನಾಭಿಪ್ರಾಯದ ಮೇಲೆಯೇ ಕಟ್ಟಿಕೊಂಡಿದೆ. ಕೊನೆಗೆ ಹಾರ್ಟ್ ತಮ್ಮ ಶಾರ್ಪ್‌ಶೂಟರ್ ಪಟ್ಟನ್ನು ಹಾಕಿ ಬೆನ್ನನ್ನು ಬಿಲ್ಲಿನಂತೆ ಬಾಗಿಸಿದಾಗ, ಹಣೆಯಿಂದ ರಕ್ತ ಸುರಿಯುತ್ತಿದ್ದ ಆಸ್ಟಿನ್ ಸೋಲೊಪ್ಪಿಕೊಳ್ಳದೆ ಪ್ರಜ್ಞೆ ತಪ್ಪುತ್ತಾರೆ, ಶ್ಯಾಮ್‌ರಾಕ್ ಪಂದ್ಯ ನಿಲ್ಲಿಸುತ್ತಾರೆ. ಗೆದ್ದ ಹಾರ್ಟ್ ಬಿದ್ದವನಿಗೆ ಮತ್ತೆ ಹೊಡೆಯಲು ಹೋಗಿ ಛೀಮಾರಿ ಹಾಕಿಸಿಕೊಳ್ಳುತ್ತಾರೆ. ಸೋತ ಆಸ್ಟಿನ್ ಹಿಡಿಯಲು ಬಂದ ಕೈಗಳನ್ನು ತಳ್ಳಿ, ಕುಂಟುತ್ತ ನಡೆದುಹೋಗುವಾಗ ಇಡೀ ಸಭಾಂಗಣ ಅವರ ಹೆಸರು ಕೂಗುತ್ತದೆ.

ಒಂದೇ ಪಂದ್ಯದಲ್ಲಿ ನಾಯಕ ಖಳನಾಗಿ, ಖಳ ನಾಯಕನಾಗುವುದನ್ನು ಇಷ್ಟು ನಂಬುವಂತೆ ಮಾಡಿದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. ಹೋಗನ್ ಬದಲಾದದ್ದು ಒಂದು ಏಟಿನಲ್ಲಿ, ಅದರ ಬಲವಿರುವುದು ಆಘಾತದಲ್ಲಿ. ಇಲ್ಲಿ ಬದಲಾವಣೆ ಇಪ್ಪತ್ತು ನಿಮಿಷಗಳ ಉದ್ದಕ್ಕೂ ಒಂದೊಂದು ಪಟ್ಟಿನಲ್ಲೂ ನಡೆಯುತ್ತ ಹೋಗುತ್ತದೆ. ಮರುವರ್ಷ ಬಾಸ್ಟನ್‌ನ ರೆಸಲ್‌ಮೇನಿಯಾದಲ್ಲಿ ಆಸ್ಟಿನ್ ಪಟ್ಟ ಗೆದ್ದರು, ಸೋಮವಾರದ ಪೈಪೋಟಿಯೂ ತಿರುಗಿತು. ಅಲ್ಲಿಂದ ಮುಂದೆ ನಾಯಕನೆಂದರೆ ಕಟ್ಟಳೆ ಮುರಿಯುವವನೇ ಆಗಬೇಕೆಂಬ ರೂಢಿ ಬಿದ್ದಿತು. ಬಾಯಿಬಡುಕತನವನ್ನು ಎತ್ತಿಕೊಂಡವರು ನೂರಾರು ಮಂದಿ, ರಕ್ತದ ಮಡುವಿನಲ್ಲೂ ಸೋಲೊಪ್ಪದ ಆ ಹಟವನ್ನು ಎತ್ತಿಕೊಂಡವರು ಬೆರಳೆಣಿಕೆಯಷ್ಟು. ಅಂದಹಾಗೆ, ಆ ರಾತ್ರಿಯ ಕೊನೆಯ ಮುಖ್ಯ ಪಂದ್ಯ ಇದಲ್ಲ. ಅಂಡರ್‌ಟೇಕರ್ ಮತ್ತು ಸಿಡ್ ಆಡಿದ ಅದನ್ನು ಇಂದು ನೆನೆಯುವವರು ಕಡಿಮೆ.

ಅದೇ ವರ್ಷದ ನವೆಂಬರ್ 9ರ ಮಾಂಟ್ರಿಯಲ್ ಪಂದ್ಯದ ಬಗ್ಗೆ ಒಂದು ಎಚ್ಚರಿಕೆ ಬೇಕು. ಎದುರಾಳಿ ಸಂಸ್ಥೆಗೆ ಹೊರಟಿದ್ದ ಚಾಂಪಿಯನ್ ಬ್ರೆಟ್ ಹಾರ್ಟ್ ತಮ್ಮ ದೇಶದಲ್ಲಿ ಮೈಕಲ್ಸ್‌ಗೆ ಸೋಲಲು ಒಪ್ಪಿರಲಿಲ್ಲ. ಬೇರೊಂದು ಮುಕ್ತಾಯವನ್ನು ಎಲ್ಲರೂ ಒಪ್ಪಿದ್ದರೂ, ಹಾರ್ಟ್ ಅವರ ಶಾರ್ಪ್‌ಶೂಟರನ್ನೇ ಮೈಕಲ್ಸ್ ಹಾಕಿದ್ದಾಗ ಮೆಕ್‌ಮಹೊನ್ ರಿಂಗಿನ ಪಕ್ಕದಲ್ಲಿ ನಿಂತು ಗಂಟೆ ಬಾರಿಸಲು ಹೇಳಿದರು. ಹಾರ್ಟ್‌ಗೆ ತಿಳಿಯದಂತೆ ನಡೆದ ಈ ವಂಚನೆಯಿಂದಲೇ ‘ದುಷ್ಟ ಧಣಿ ಮೆಕ್‌ಮಹೊನ್’ ಎಂಬ ಪಾತ್ರ ಮೂಡಿ, ಮುಂದಿನ ಇಪ್ಪತ್ತು ವರ್ಷಗಳ ಅದೆಷ್ಟೋ ಕಥೆಗಳಿಗೆ ಬಂಡವಾಳವಾಯಿತು. ಪ್ರಭಾವದಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಪಂದ್ಯವಾಗಿ ಅದು ಅರ್ಧಕ್ಕೆ ನಿಂತದ್ದು. ಆ ದಿನಗಳಲ್ಲಿ ಹಾರ್ಟ್ ಜೊತೆಗಿದ್ದ ಕೆನಡಾದ ಚಿತ್ರತಂಡ ತೆಗೆದ ಸಾಕ್ಷ್ಯಚಿತ್ರವನ್ನು ಮೊದಲು ನೋಡಿ ಆಮೇಲೆ ಇದಕ್ಕೆ ಬಂದರೆ ಅರ್ಥವಾಗುತ್ತದೆ, ಇಲ್ಲದಿದ್ದರೆ ಗೊಂದಲವೇ ಉಳಿಯುತ್ತದೆ.

ಹಾರ್ಟ್ ಮನೆತನದ ಎರಡು ಪಂದ್ಯಗಳು

ಹೊಡೆದಾಟಕ್ಕಿಂತ ಕೌಟುಂಬಿಕ ಕಥೆ ಹಿಡಿಸುವವರಿಗೆ ಎರಡು ಆಯ್ಕೆಗಳಿವೆ. 1992ರ ಆಗಸ್ಟ್ 29ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ, ಸಂಸ್ಥೆಯೇ ಘೋಷಿಸಿದ ಲೆಕ್ಕದಂತೆ 80,355 ಜನರ ಮುಂದೆ, ಬ್ರೆಟ್ ಹಾರ್ಟ್ ತಂಗಿಯ ಗಂಡ ಡೇವಿ ಬಾಯ್ ಸ್ಮಿತ್‌ಗೆ ಸೋತರು. ವಿಶ್ವ ಪಟ್ಟದ ಪಂದ್ಯವನ್ನು ಹಿಂದಕ್ಕೆ ಸರಿಸಿ ಇದನ್ನು ಕೊನೆಯಲ್ಲಿ ಇಟ್ಟದ್ದೇ ಒಂದು ವಿಶೇಷ. ಸ್ಮಿತ್ ಪಂದ್ಯದ ಯೋಜನೆಯನ್ನೇ ಮರೆತಿದ್ದರು, ಉದ್ದಕ್ಕೂ ತಾನೇ ಹೇಳಿಕೊಡಬೇಕಾಯಿತು ಎಂದು ಹಾರ್ಟ್ ಮುಂದೆ ಹೇಳಿಕೊಂಡಿದ್ದಾರೆ. ಅದನ್ನು ತಿಳಿದು ನೋಡಿದರೆ ಪಂದ್ಯದ ರುಚಿಯೇ ಬೇರೆ. ಎರಡನೆಯದು, ಏಣಿಯ ಪಂದ್ಯ ನಡೆದ ರಾತ್ರಿಯ ಮೊದಲ ಪಂದ್ಯ, ಬ್ರೆಟ್ ಮತ್ತು ತಮ್ಮ ಓವೆನ್ ನಡುವಿನದು. ಅಲ್ಲಿ ಯಾವ ಸಾಮಾನೂ ಇಲ್ಲ, ರಕ್ತವೂ ಇಲ್ಲ. ಅಣ್ಣನ ನೆರಳಿನಲ್ಲೇ ಉಳಿದೆನೆಂಬ ಕಹಿಯಿಂದ ಬಂದ ತಮ್ಮ, ಯಾವ ಮೋಸವೂ ಇಲ್ಲದೆ ಅಣ್ಣನನ್ನು ಸೋಲಿಸುತ್ತಾನೆ. ಅದೇ ರಾತ್ರಿಯ ಕೊನೆಗೆ ಬ್ರೆಟ್ ವಿಶ್ವ ಪಟ್ಟ ಗೆದ್ದು ಸಂಭ್ರಮಿಸುತ್ತಿರುವಾಗ ಓವೆನ್ ದೂರ ನಿಂತು ದಿಟ್ಟಿಸುತ್ತಿರುತ್ತಾರೆ. ಇವೆರಡರಲ್ಲಿ ನಾನು ಎರಡನೆಯದರ ಪಕ್ಷಪಾತಿ.

ಬುಡೊಕಾನ್‌ನ ಎರಡು ಜೂನ್‌ಗಳು

ಅಮೆರಿಕದ ಪಂದ್ಯಗಳಷ್ಟನ್ನೇ ನೋಡಿದವರು ಈ ದಶಕದ ಅರ್ಧವನ್ನಷ್ಟೇ ನೋಡಿದಂತೆ. ಇಂದಿನ ಕುಸ್ತಿಪಟುಗಳು ರಿಂಗಿನಲ್ಲಿ ಬಳಸುವ ಪಟ್ಟುಗಳಿಗೂ, ಪಂದ್ಯದ ಕೊನೆಯ ಹತ್ತು ನಿಮಿಷವನ್ನು ಏರಿಸುತ್ತ ಹೋಗುವ ಕ್ರಮಕ್ಕೂ ಹೆಚ್ಚಿನ ಋಣವಿರುವುದು ಟೋಕಿಯೋದ ನಿಪ್ಪಾನ್ ಬುಡೊಕಾನ್ ಸಭಾಂಗಣಕ್ಕೆ. 1990ರಲ್ಲಿ ಆಲ್ ಜಪಾನ್ ಸಂಸ್ಥೆಯ ಪ್ರಮುಖರಲ್ಲೊಬ್ಬರಾದ ಗೆನಿಚಿರೊ ಟೆನ್ರ್ಯು ಬಿಟ್ಟುಹೋದಾಗ, ಹುಲಿಯ ಮುಖವಾಡ ತೊಟ್ಟು ಆಡುತ್ತಿದ್ದ ಮಿತ್ಸುಹಾರು ಮಿಸಾವಾ ಅದನ್ನು ಕಿತ್ತೆಸೆದು ಸ್ವಂತ ಹೆಸರಿನಲ್ಲಿ ನಿಂತರು. ಅದೇ ಜೂನ್ 8ರಂದು ಹಿರಿಯ ಜಂಬೊ ತ್ಸುರುತಾ ಅವರನ್ನು ಸೋಲಿಸಿದ್ದರಿಂದ ಹೊಸ ಪೀಳಿಗೆಯ ಕಾಲ ಶುರುವಾಯಿತು.

ಇಲ್ಲಿ ಆರಿಸಬೇಕಾದದ್ದು 1994ರ ಜೂನ್ 3ರ ಮಿಸಾವಾ ಮತ್ತು ತೋಷಿಯಾಕಿ ಕವಾಡಾ ಪಂದ್ಯವನ್ನೋ, 1995ರ ಜೂನ್ 9ರ ಜೋಡಿ ಪಂದ್ಯವನ್ನೋ ಎಂಬುದನ್ನು. ಮಿಸಾವಾ ಮತ್ತು ಕವಾಡಾ ಒಂದೇ ಪ್ರೌಢಶಾಲೆಯ ಕುಸ್ತಿ ತಂಡದವರು, ಮಿಸಾವಾ ಒಂದು ವರ್ಷ ಮುಂದಿನವರು. ಎಷ್ಟು ದುಡಿದರೂ ಆ ಒಂದು ವರ್ಷದ ಅಂತರವನ್ನು ದಾಟಲಾರದ ಕಿರಿಯನ ಕಥೆ 1994ರದ್ದು. ಸುಮಾರು ಮೂವತ್ತೈದು ನಿಮಿಷಗಳ ಆ ಪಂದ್ಯದಲ್ಲಿ ಕವಾಡಾನ ಒದೆತಗಳಿಗೆ ಮಿಸಾವಾ ಮೊಣಕೈ ಏಟಿನ ಉತ್ತರ ಕೊಡುತ್ತ ಬಂದು, ಅಪರೂಪಕ್ಕಷ್ಟೇ ಹೊರತೆಗೆಯುತ್ತಿದ್ದ ‘ಟೈಗರ್ ಡ್ರೈವರ್ 91’ ಪಟ್ಟಿನಿಂದ ಮುಗಿಸುತ್ತಾರೆ. ಆ ಪಟ್ಟಿನಲ್ಲಿ ಬೀಳುವವನ ಕುತ್ತಿಗೆಯ ಮೇಲೆಯೇ ಭಾರ ಬೀಳುತ್ತದೆ. ಮಿಸಾವಾ ಅದನ್ನು ಬಳಸಿದರೆಂದರೆ ಬೇರೇನೂ ಉಳಿದಿರಲಿಲ್ಲ ಎಂದೇ ಅರ್ಥ. ಪಂದ್ಯದ ಘನತೆ ಇರುವುದು ಆ ಬಿಗಿಹಿಡಿತದಲ್ಲಿ. 1995ರದ್ದು ಇನ್ನೂ ಉದ್ದ, ನಲವತ್ತು ನಿಮಿಷಕ್ಕೂ ಹೆಚ್ಚು. ಮಿಸಾವಾ ಜೊತೆ ಗಾಯಗೊಂಡ ಕಾಲಿನ ಕೆಂಟಾ ಕೊಬಾಶಿ, ಎದುರಿಗೆ ಕವಾಡಾ ಮತ್ತು ಅಕಿರಾ ಟಾವೂಎ. ಎದ್ದು ನಿಲ್ಲಲಾರದ ಕೊಬಾಶಿ ಬಿದ್ದಿರುವ ಮಿಸಾವಾ ಮೇಲೆ ತಾನೇ ಕವಚವಾಗಿ ಮಲಗುವ ದೃಶ್ಯಕ್ಕೆ ಸಾಟಿಯಿಲ್ಲ. ಆ ರಾತ್ರಿ ಕವಾಡಾ ಮೊದಲ ಸಲ ಮಿಸಾವಾರನ್ನು ಚಿತ್ ಮಾಡಿದರು, ಆದರೆ ಅದು ಜೋಡಿ ಪಂದ್ಯದಲ್ಲಿ. ಒಬ್ಬರಿಗೊಬ್ಬರು ನಿಂತು ಪಟ್ಟ ಕಸಿಯಲು ಅವರು 1998ರ ಮೇ 1ರವರೆಗೆ, ಟೋಕಿಯೋ ಡೋಮ್‌ನ ಪಂದ್ಯದವರೆಗೆ ಕಾಯಬೇಕಾಯಿತು.

ಎರಡರಲ್ಲಿ 1994ರದ್ದನ್ನು ಮೊದಲು ನೋಡಬೇಕು. ಇಬ್ಬರೇ ಇರುವುದರಿಂದ ಕಥೆಯ ಎಳೆ ತಪ್ಪುವುದಿಲ್ಲ, ಜಪಾನಿ ಭಾಷೆಯ ವಿವರಣೆ ಅರ್ಥವಾಗದಿದ್ದರೂ ನಷ್ಟವಿಲ್ಲ. 1995ರದ್ದು ನಾಲ್ವರ ಹಿಂದಿನ ಲೆಕ್ಕಗಳೆಲ್ಲ ಗೊತ್ತಿದ್ದವರಿಗೆ ಇಮ್ಮಡಿ ಕೊಡುತ್ತದೆ, ಗೊತ್ತಿಲ್ಲದವರಿಗೆ ದಣಿವು ತರಬಹುದು. ಈ ಪಂದ್ಯಗಳಿಂದ ಮುಂದಿನವರು ಎತ್ತಿಕೊಂಡದ್ದು ಕುತ್ತಿಗೆಯ ಮೇಲೆ ಬೀಳಿಸುವ ಪಟ್ಟುಗಳನ್ನು, ಅದೂ ಪಂದ್ಯಕ್ಕೆ ನಾಲ್ಕಾರು ಸಲ. ಮಿಸಾವಾ ಅವರೇ 2009ರ ಜೂನ್ 13ರಂದು ಹಿರೋಷಿಮಾದಲ್ಲಿ ಪಂದ್ಯದ ನಡುವೆ ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾಗಿ ತೀರಿಕೊಂಡರು. ಅದನ್ನು ತಿಳಿದ ಮೇಲೆ ಈ ಪಂದ್ಯಗಳನ್ನು ಮೊದಲಿನಷ್ಟು ನಿರಾಳವಾಗಿ ನೋಡುವುದು ನನ್ನಿಂದ ಆಗಿಲ್ಲ.

ಉಳಿದ ಮೂರು

ಎರಡು ಸಂಸ್ಥೆಗಳ ನಡುವಿನ ಯುದ್ಧದ ಕಥೆ ಬೇಕಾದವರು 1995ರ ಅಕ್ಟೋಬರ್ 9ರಂದು ಟೋಕಿಯೋ ಡೋಮ್‌ನಲ್ಲಿ ನ್ಯೂ ಜಪಾನ್ ಸಂಸ್ಥೆಯ ಕೇಜಿ ಮುತೊ, ಯುಡಬ್ಲ್ಯೂಎಫ್‌ಐನ ನೊಬುಹಿಕೊ ತಕಾಡಾರನ್ನು ಸೋಲಿಸಿದ ಪಂದ್ಯವನ್ನು ನೋಡಬಹುದು. ನಿಜವಾದ ಹೋರಾಟಕ್ಕೆ ಹತ್ತಿರವೆಂದು ಹೇಳಿಕೊಳ್ಳುತ್ತಿದ್ದ ಶೈಲಿಯವರು ಹಳೆಯ ಕಾಲದ ಕಾಲುಪಟ್ಟಿಗೆ ಶರಣಾದದ್ದೇ ಅದರ ಚೋದ್ಯ. ಎರಡು ವರ್ಷಗಳ ನಂತರ ಇದೇ ತಕಾಡಾ ಇದೇ ಡೋಮ್‌ನಲ್ಲಿ ರಿಕ್ಸನ್ ಗ್ರೇಸಿ ಎದುರು ನಿಜವಾದ ಪಂದ್ಯದಲ್ಲಿ ಸೋತಾಗ ‘ಪ್ರೈಡ್’ ಎಂಬ ಮಿಶ್ರ ಸಮರಕಲೆಯ ಸಂಸ್ಥೆ ಶುರುವಾಗಿತ್ತು.

ಚುರುಕಾದ, ಚಿಕ್ಕ ಪಂದ್ಯ ಬೇಕಾದವರಿಗೆ 1997ರ ಅಕ್ಟೋಬರ್ 26ರಂದು ಲಾಸ್ ವೇಗಸ್‌ನಲ್ಲಿ ರೇ ಮಿಸ್ಟೀರಿಯೊ ಮತ್ತು ಎಡ್ಡಿ ಗೆರೇರೊ ಆಡಿದ್ದಕ್ಕಿಂತ ಒಳ್ಳೆಯ ಆಯ್ಕೆಯಿಲ್ಲ. ಹದಿನೈದು ನಿಮಿಷವೂ ಇಲ್ಲದ ಅದರಲ್ಲಿ ಒಂದು ಕಡೆ ಪಟ್ಟ, ಇನ್ನೊಂದು ಕಡೆ ಮುಖವಾಡ ಪಣಕ್ಕಿದ್ದವು. ಮೆಕ್ಸಿಕೊದ ಸಂಪ್ರದಾಯದಲ್ಲಿ ಮುಖವಾಡ ಕಳೆದುಕೊಂಡವನಿಗೆ ಅದು ಮರಳಿ ಸಿಗುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ, ಗೆರೇರೊ ಅದನ್ನು ಹರಿಯಲು ಕೈಹಾಕಿದಾಗಲೆಲ್ಲ ಜೀವ ಹಿಡಿಯಾಗುತ್ತದೆ. ಗೆದ್ದವರು ಮಿಸ್ಟೀರಿಯೊ. ಕಾರ್ಡುಗಳ ತೂಕದ ಲೆಕ್ಕದಲ್ಲಿ ಯಾವ ಆಟವನ್ನೂ ಗೆಲ್ಲದಂಥ ಮೈಕಟ್ಟಿನವರು ಅಮೆರಿಕದ ಟಿವಿಯಲ್ಲಿ ನೆಲೆಯೂರಲು ಇಂಥ ಪಂದ್ಯಗಳು ದಾರಿಮಾಡಿದವು.

ಮಹಿಳೆಯರ ಕುಸ್ತಿಯೆಂದರೆ ಅಮೆರಿಕದಲ್ಲಿ ಇನ್ನೂ ಎರಡು ಪಂದ್ಯಗಳ ನಡುವಿನ ವಿರಾಮ ಎನ್ನುವಂತಿದ್ದ ಕಾಲದಲ್ಲಿ, 1993ರ ಏಪ್ರಿಲ್ 2ರಂದು ಯೋಕೊಹಾಮಾ ಅರೀನಾದಲ್ಲಿ ಅಕಿರಾ ಹೊಕುಟೊ ಮತ್ತು ಶಿನೊಬು ಕಂಡೋರಿ ಅರ್ಧ ಗಂಟೆ ಸೆಣಸಿದರು. ಕಂಡೋರಿ ಜೂಡೋದಲ್ಲಿ ವಿಶ್ವ ಮಟ್ಟದ ಪದಕ ಗೆದ್ದು ಬಂದವರು. ಆರಂಭದಲ್ಲೇ ಹೊಕುಟೊ ಭುಜಕ್ಕೆ ಪೆಟ್ಟು ಬೀಳುತ್ತದೆ, ಮುಖವೆಲ್ಲ ರಕ್ತವಾಗುತ್ತದೆ. ಕೊನೆಗೆ ಇಬ್ಬರೂ ಒಬ್ಬರಿಗೊಬ್ಬರು ಗುದ್ದಿಕೊಂಡು ಬಿದ್ದಾಗ ಮೇಲೆ ಬಿದ್ದ ಹೊಕುಟೊ ಗೆಲ್ಲುತ್ತಾರೆ. ರಕ್ತ ನೋಡಲಾಗದವರು ಇದನ್ನು ಬಿಡಬೇಕು. ಉಳಿದವರು ಹಾರ್ಟ್ ಮತ್ತು ಆಸ್ಟಿನ್ ಪಂದ್ಯವನ್ನು ನೋಡಿದ ವಾರದಲ್ಲೇ ಇದನ್ನೂ ನೋಡಿದರೆ, ಷಿಕಾಗೋದಲ್ಲಿ ಹೊಸದೆನಿಸಿದ್ದ ಹಟ ಯೋಕೊಹಾಮಾದಲ್ಲಿ ನಾಲ್ಕು ವರ್ಷ ಮೊದಲೇ ಇತ್ತೆಂಬುದು ಕಾಣುತ್ತದೆ.

ಒಂದೇ ಸಂಜೆಯ ಬಿಡುವು ಇದ್ದವರು ಹತ್ತನೆಯ ರೆಸಲ್‌ಮೇನಿಯಾದಿಂದ ಅಣ್ಣತಮ್ಮಂದಿರ ಪಂದ್ಯವನ್ನೂ ಏಣಿಯ ಪಂದ್ಯವನ್ನೂ ಬೆನ್ನುಬೆನ್ನಿಗೆ ನೋಡಿ, ನಂತರ ಹಾರ್ಟ್ ಮತ್ತು ಆಸ್ಟಿನ್‌ಗೆ ಬರಬೇಕು. ಒಟ್ಟು ಒಂದು ಗಂಟೆಯ ಆಸುಪಾಸು ಹಿಡಿಯುತ್ತದೆ. ಮಿಸಾವಾ ಮತ್ತು ಕವಾಡಾ ಪಂದ್ಯಕ್ಕೆ ಬೇರೆಯೇ ರಾತ್ರಿ ಇಟ್ಟುಕೊಳ್ಳುವುದು ಒಳ್ಳೆಯದು. ಮೊದಲ ಹತ್ತು ನಿಮಿಷ ಏನೂ ನಡೆಯುತ್ತಿಲ್ಲ ಎನಿಸಿದರೂ ಅದನ್ನು ಓಡಿಸಿ ಮುಂದಕ್ಕೆ ಹೋಗಬಾರದು, ಕೊನೆಯ ಐದು ನಿಮಿಷಕ್ಕೆ ಬೇಕಾದ ಸಾಲವನ್ನೆಲ್ಲ ಆ ಇಬ್ಬರು ಅಲ್ಲಿಯೇ ಎತ್ತಿಟ್ಟಿರುತ್ತಾರೆ.